ಚಿಗವ್ವನ ಸುಟ್ಟ ಅರ್ಧ, ಸುಡದ ಅರ್ಧ

ಅರವತ್ತೆಂಟನೆಯ ವಯಸ್ಸಿಗೆ ಕೆಲವರಿಗೆ ಕಾಶಿಗೆ ಹೋಗಬೇಕೆನಿಸುತ್ತದೆ, ಕೆಲವರಿಗೆ ಮೊಮ್ಮಕ್ಕಳ ಮದುವೆ ನೋಡಬೇಕೆನಿಸುತ್ತದೆ. ನಮ್ಮ ಚಿಗವ್ವನಿಗೆ ಒಂದು ಎಕರೆ ಒಣಹುಲ್ಲಿಗೆ ಬೆಂಕಿ ಹಚ್ಚಬೇಕೆನಿಸಿತು! ಗಾಬರಿಯಾಗಬೇಡಿ, ಆಕೆಗೆ ತಲೆ ಕೆಟ್ಟಿಲ್ಲ. ಇದನ್ನು ಖಾತ್ರಿಯಿಂದ ಹೇಳಬಲ್ಲೆ, ಏಕೆಂದರೆ ಆ ಅನುಮಾನ ಮೊದಲು ಬಂದದ್ದು ನನಗೇ. ಬಿಪಿಯ ನೆಪ ಹೇಳಿ ಡಾಕ್ಟರರ ಹತ್ತಿರ ಕರೆದೊಯ್ದೆ. ಅರ್ಧ ತಾಸು ಮಾತಾಡಿಸಿದ ಮೇಲೆ ಅವರು ಹೊರಗೆ ಬಂದು, ಚಿಗವ್ವ ಸರಿಯಾಗಿದ್ದಾಳೆ ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, ನನಗೆ ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ವಿಚಾರಿಸಿದರು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಬೀದರ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು, ಇಲ್ಲಿಯೇ ಒಂದು ಅರಣ್ಯ ಕಚೇರಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಟೈಪಿಸ್ಟ್ ಆಗಿದ್ದವಳು. ಒಣಕಾಡಿನ ಬೆಂಕಿಯ ಬಗ್ಗೆ ಆಕೆ ಟೈಪ್ ಮಾಡಿದ ಹಾಳೆಗಳನ್ನೆಲ್ಲ ಒಂದೆಡೆ ಒಟ್ಟಿ ಕಡ್ಡಿ ಗೀರಿದ್ದರೆ ಅದೇ ಒಂದು ದೊಡ್ಡ ಕಾಡ್ಗಿಚ್ಚಾಗುತ್ತಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಕಾಡಿಗೆ ಕಾಲಿಟ್ಟವಳಲ್ಲ. ಕಚೇರಿಯ ಕಿಟಕಿಯಿಂದ ಒಂದು ಬೇವಿನ ಮರ ಕಾಣುತ್ತಿತ್ತಂತೆ. ಆಕೆಯ ಪಾಲಿಗೆ ಅರಣ್ಯವೆಂದರೆ ಅದೇ.

ಸಮಸ್ಯೆ ಶುರುವಾದದ್ದು ಇಬ್ಬರು ಸಾಹೇಬರಿಂದ. ಮೊದಲು ಬಂದ ಸಾಹೇಬರು ಬೆಂಕಿಯ ಪಕ್ಷ. ಚಳಿಗಾಲದಲ್ಲಿ ಗಾಳಿ ನೋಡಿ, ತೇವ ನೋಡಿ, ಹಗುರಾಗಿ ಸುಡಬೇಕು. ಒಣಹುಲ್ಲಿನ ಹೊರೆ ಕಳೆಯುತ್ತದೆ, ಬೇಸಿಗೆಯಲ್ಲಿ ದೊಡ್ಡ ಬೆಂಕಿ ಬೀಳುವುದಿಲ್ಲ, ಮಳೆ ಬಿದ್ದೊಡನೆ ಎಳೆ ಹುಲ್ಲು ಚಿಗುರಿ ಜಿಂಕೆಗಳಿಗೆ ಮೇವಾಗುತ್ತದೆ ಎಂದು ಬರೆಸಿದರು. ಚಿಗವ್ವ ಟೈಪ್ ಮಾಡಿದಳು, ಮೂರು ಪ್ರತಿ. ಆಮೇಲೆ ಬಂದ ಸಾಹೇಬರು ಬೆಂಕಿಯ ವೈರಿ. ಬೆಂಕಿ ಸಸಿಗಳನ್ನು ತಿನ್ನುತ್ತದೆ, ಮಣ್ಣಿನ ಸತ್ವ ಕಳೆಯುತ್ತದೆ, ನೆಲ ಬೋಳಾಗಿ ಮೊದಲ ಮಳೆಗೇ ಕೊಚ್ಚಿಕೊಂಡು ಹೋಗುತ್ತದೆ ಎಂದು ಅದೇ ಕಾಡಿನ ಬಗ್ಗೆ ಬರೆಸಿದರು. ಚಿಗವ್ವ ಅದನ್ನೂ ಟೈಪ್ ಮಾಡಿದಳು, ಮೂರು ಪ್ರತಿ. ಕಾರ್ಬನ್ ಹಾಳೆಯೂ ಹಳೆಯದೇ ಇತ್ತಂತೆ. ಟೈಪಿಸ್ಟರು ಪ್ರಶ್ನೆ ಕೇಳುವಂತಿರಲಿಲ್ಲ, ಪ್ರಶ್ನಾರ್ಥಕ ಚಿಹ್ನೆ ಒತ್ತಬಹುದಿತ್ತು, ಅದೂ ಸಾಹೇಬರು ಹೇಳಿದರೆ ಮಾತ್ರ.

ನಿವೃತ್ತಿಯಾಗುವಾಗ ಕಚೇರಿ ಹರಾಜಿಗಿಟ್ಟ ಹಳೆಯ ಟೈಪ್ ಯಂತ್ರವನ್ನು ತಾನೇ ಕೊಂಡಳು. ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಯಂತ್ರದೊಡನೆ ಮಣಿಕೊಂಡದ ನಮ್ಮ ಮನೆಗೆ ಬಂದಳು. ಒಂದು ದಿನ ಚಹಾ ಕುಡಿಯುತ್ತ ಕುಡಿಯುತ್ತ ಹೇಳಿದಳು:

"ಇಬ್ರೂ ಸಾಹೇಬ್ರದ್ದು ನಾನ ಟೈಪ್ ಮಾಡೀನಿ. ಇಬ್ರೂ ಖರೇ ಹೆಂಗ ಆಗ್ತಾರ? ಒಬ್ರದರ ಸುಳ್ಳಿರಬೇಕು. ಆ ಸುಳ್ಳು ನನ್ನ ಬೆರಳಿನಿಂದ ಬಂದೇತಿ. ಸಾಯೂದ್ರಾಗ ಯಾವುದಂತ ನೋಡ್ಬೇಕು ನಾ."

ನೋಡಲು ಜಾಗವೂ ಇತ್ತು. ಲಿಂಗಂಪಲ್ಲಿ ದಾಟಿ ಒಂದು ತಾಸಿನ ದಾರಿಯಲ್ಲಿ ಕಾಕಾ ಎಂದೋ ಕೊಂಡಿದ್ದ ಎರಡು ಎಕರೆ. ಬಂಡೆ, ಸೀತಾಫಲದ ಪೊದೆ, ಮೊಣಕಾಲಮಟ್ಟದ ಒಣಹುಲ್ಲು ಬಿಟ್ಟರೆ ಅಲ್ಲಿ ಮತ್ತೇನೂ ಇಲ್ಲ. ನಡುವೆ ಒಂದು ಬಂಡಿದಾರಿ ಹಾಯ್ದು ಜಾಗ ಸರಿಯಾಗಿ ಎರಡು ಪಾಲಾಗಿದೆ. ಒಂದು ಪಾಲು ಸುಡುವುದು, ಇನ್ನೊಂದನ್ನು ಹಾಗೇ ಬಿಡುವುದು, ಮಳೆಗಾಲ ಮುಗಿದ ಮೇಲೆ ಎರಡರಲ್ಲೂ ಏನು ಬೆಳೆದಿದೆ ಎಂದು ಎಣಿಸುವುದು. ಎಷ್ಟು ಸರಳ ನೋಡಿ! ಇಬ್ಬರು ಸಾಹೇಬರು ಮೂರು ಮೂರು ಪ್ರತಿ ಬರೆಸುವ ಬದಲು ಇದನ್ನೇ ಮಾಡಬಹುದಿತ್ತಲ್ಲ ಎಂದು ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು.

"ನಗಾಕ ಏನಾತು? ನೀ ಬೆಂಕಿ ಸಾಹೇಬ ಅಲ್ಲೇನು? ನೀನೂ ಬರಬೇಕು," ಎಂದಳು.

ಇಲ್ಲಿ ನನ್ನ ಬಗ್ಗೆ ಒಂದಿಷ್ಟು ಹೇಳಲೇಬೇಕು, ಎಷ್ಟೇ ಸಂಕೋಚವಾದರೂ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಅಗ್ನಿ ಸುರಕ್ಷತಾ ಅಧಿಕಾರಿ. ಇಪ್ಪತ್ತೆರಡು ವರ್ಷದ ಅನುಭವ. ಯಾವುದರ ಅನುಭವ ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಇಷ್ಟು ವರ್ಷಗಳಲ್ಲಿ ಒಂದು ಬೀಡಿಯಷ್ಟು ಬೆಂಕಿಯೂ ಹೊತ್ತಿದ್ದಿಲ್ಲ. ಮೂರು ತಿಂಗಳಿಗೊಮ್ಮೆ ಮಾಕ್ ಡ್ರಿಲ್ ಮಾಡಿಸುತ್ತೇನೆ. ಸೀಟಿ ಊದುತ್ತೇನೆ, ಎಲ್ಲರೂ ಹೊರಗೆ ಬಂದು ಸಾಲಾಗಿ ನಿಲ್ಲುತ್ತಾರೆ, ನಾನು ಗಡಿಯಾರ ನೋಡಿ ಗಂಭೀರವಾಗಿ ತಲೆಯಾಡಿಸುತ್ತೇನೆ, ಚಹಾ ಬರುತ್ತದೆ. ಹೊಸಬರಿಗೆ ತರಬೇತಿ ಕೊಡುವಾಗ ನನ್ನ ಮಾತು ಕೇಳಬೇಕು ನೀವು. ಬೆಂಕಿಯ ವರ್ಗಗಳು ಯಾವುವು, ಯಾವ ಬೆಂಕಿಗೆ ನೀರು, ಯಾವುದಕ್ಕೆ ನೊರೆ, ಯಾವುದಕ್ಕೆ ಪುಡಿ, ಎಲ್ಲ ಬಾಯಿಪಾಠ. ಬೆಂಕಿ ಎದುರಿಗೆ ಬರುವವರೆಗೆ ನನ್ನಷ್ಟು ಧೈರ್ಯವಂತ ಈ ಊರಿನಲ್ಲಿಲ್ಲ.

ಒಮ್ಮೆ ಬಂದಿತ್ತು. ದೀಪಾವಳಿಯಲ್ಲಿ ದೇವರ ಮುಂದಿನ ಹಣತೆಯ ಕುಡಿ ಗೋಡೆಯ ಕ್ಯಾಲೆಂಡರಿಗೆ ತಗಲಿತು. ನಾನು ಅಲ್ಲೇ ನಿಂತು, ಕಾಗದ ಇರುವುದರಿಂದ ಇದು ಮೊದಲ ವರ್ಗದ ಬೆಂಕಿಯೋ, ಎಣ್ಣೆ ಇರುವುದರಿಂದ ಎರಡನೆಯದೋ ಎಂದು ಯೋಚಿಸತೊಡಗಿದೆ. ಅಷ್ಟರಲ್ಲಿ ನನ್ನ ಹೆಂಡತಿ ಊಟಕ್ಕಿಟ್ಟಿದ್ದ ಮಜ್ಜಿಗೆಯ ತಂಬಿಗೆ ತಂದು ಸುರುವಿದಳು. ಯಾವ ವರ್ಗದ ಬೆಂಕಿಗೆ ಮಜ್ಜಿಗೆ ಎಂದು ನಮ್ಮ ಪಠ್ಯದಲ್ಲಿ ಇವತ್ತಿಗೂ ಇಲ್ಲ. ಹಾಗಾಗಿ ಚಿಗವ್ವ ನನ್ನನ್ನು ಕರೆದ ಕೂಡಲೇ ಹೆಂಡತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು:

"ಅತ್ತೀ, ಇವರನ್ನ ನಂಬಬ್ಯಾಡ್ರಿ. ಒಗ್ಗರಣಿ ಚಟ್ ಅಂದ್ರ ಸಾಕು, ಹೊರಗಿನ ಖೋಲಿಗೆ ಓಡ್ತಾರ ಇವರು."

"ಇರ್ಲಿ ಬಿಡು. ಒಂದು ಮೂಲ್ಯಾಗ ನಿಂದರಸ್ತೀನಿ," ಎಂದಳು ಚಿಗವ್ವ.

ತಯಾರಿ ಅಕ್ಟೋಬರಿನಿಂದಲೇ ನಡೆಯಿತು. ಮೊದಲಿಗೆ ಎಣಿಸುವ ವಿದ್ಯೆ. ಎರಡು ಎಕರೆಯ ಹುಲ್ಲನ್ನು ಗರಿಗರಿಯಾಗಿ ಎಣಿಸಲಾದೀತೆ? ಅದಕ್ಕೆ ಬಟ್ಟೆ ಒಣಹಾಕುವ ತಂತಿ ಬಗ್ಗಿಸಿ ಒಂದು ಚೌಕ ಮಾಡಿದಳು. ಹೊಲಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಆ ಚೌಕವನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅದು ಬಿದ್ದಲ್ಲಿ, ಅದರ ಒಳಗಿದ್ದದ್ದನ್ನಷ್ಟೇ ಎಣಿಸಿ ಬರೆಯಬೇಕು. ಹೀಗೆ ಎರಡೂ ಕಡೆ ಹತ್ತು ಹತ್ತು ಸಲ. ನೋಡಿಕೊಂಡು ಎಸೆದರೆ ಏನಾಗುತ್ತದೆ ಎಂದು ಕೇಳಿದೆ. "ನೋಡಿ ಒಗದ್ರ, ಮನಸಿಗೆ ಬೇಕಾದಲ್ಲೇ ಬೀಳ್ತೈತಿ. ಅದು ಎಣಿಕಿ ಅಲ್ಲ, ಸಾಹೇಬ್ರ ಕೆಲಸ," ಎಂದಳು.

ಅಭ್ಯಾಸ ಮಾತ್ರ ನಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ನಡೆಯಿತು. ಮೂರನೆಯ ಎಸೆತಕ್ಕೆ ಚೌಕ ಹೋಗಿ ಸೊಸೈಟಿ ಕಾರ್ಯದರ್ಶಿಗಳ ನಾಯಿಯ ಕೊರಳಿಗೆ ಬಿತ್ತು. ಅವರು ತೆಲುಗಿನಲ್ಲೂ ಹಿಂದಿಯಲ್ಲೂ ಕೂಗಾಡುತ್ತ ಬರುವಷ್ಟರಲ್ಲಿ ಚಿಗವ್ವ ನೆಲಕ್ಕೆ ಕುಳಿತು, ಕನ್ನಡಕ ಏರಿಸಿ, ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು: ಗರಿಕೆ ಹದಿನಾಲ್ಕು, ನಾಯಿ ಒಂದು. ನಾಯಿಯನ್ನು ಬಿಟ್ಟುಬಿಡು ಎಂದರೆ ಒಪ್ಪಲಿಲ್ಲ. ಬಿದ್ದಲ್ಲಿ ಇದ್ದದ್ದನ್ನು ಬರೆಯದಿದ್ದರೆ ಚೌಕ ಯಾತಕ್ಕೆ ಎಂಬುದು ಆಕೆಯ ವಾದ.

ಆಮೇಲೆ ನೋಟಿಸುಗಳು. ಪಂಚಾಯತಿಗೆ ಒಂದು, ಅಗ್ನಿಶಾಮಕ ಠಾಣೆಗೆ ಒಂದು, ಅಕ್ಕಪಕ್ಕದ ಹೊಲದವರಿಗೆ ಒಂದೊಂದು, ಎಲ್ಲವೂ ಟೈಪಾಗಿ, ಕೆಳಗೆ 'ಪ್ರತಿ: ಮಾಹಿತಿಗಾಗಿ' ಎಂಬ ಪಟ್ಟಿಯೊಡನೆ. ಆ ಪಟ್ಟಿ ನೋಡಿದರೆ ಹುಲ್ಲಿನಲ್ಲಿದ್ದ ಕವುಜುಗ ಹಕ್ಕಿಗಳಿಗೂ ಒಂದು ಪ್ರತಿ ಹೋಗಿರಬೇಕು ಎನಿಸುತ್ತಿತ್ತು. ತಮಾಷೆಗೆ ಹಾಗೆ ಕೇಳಿದೆ. ಅವು ಮೊಟ್ಟೆ ಇಡುವ ಕಾಲಕ್ಕೆ ಮೊದಲೇ ಸುಡುತ್ತೇನೆ, ಹಾಗಾಗಿ ಅವಕ್ಕೆ ನೋಟಿಸು ಬೇಕಿಲ್ಲ ಎಂದು ಚಿಗವ್ವ ತಮಾಷೆಯಿಲ್ಲದೆ ಉತ್ತರಿಸಿದಳು.

ಆ ಊರಿನಲ್ಲಿ ಮಲ್ಲಯ್ಯ ಎಂಬ ಕುರುಬ ಮುದುಕನಿದ್ದ. ಆಡು, ಕುರಿ ಕಾಯ್ದುಕೊಂಡು ಆ ಬಯಲಲ್ಲೇ ವಯಸ್ಸು ಕಳೆದವನು. ಯಾವ ದಿನ ಸುಡಬೇಕೆಂದು ಹೇಳುವ ಅಧಿಕಾರವನ್ನು ಚಿಗವ್ವ ಅವನಿಗೆ ಬಿಟ್ಟಿದ್ದಳು. ನಾನು ಮೊಬೈಲಿನಲ್ಲಿ ಗಾಳಿಯ ವೇಗ, ತೇವಾಂಶ ಎಲ್ಲ ತೆಗೆದು ತೋರಿಸಿದೆ. ಮಲ್ಲಯ್ಯ ಅದರತ್ತ ನೋಡದೆ ಒಂದು ಹಿಡಿ ಹುಲ್ಲು ಕಿತ್ತು, ಕಿವಿಯ ಹತ್ತಿರ ಹಿಡಿದು ಹಿಚುಕಿದ. ಹುಲ್ಲು ಸದ್ದೇ ಮಾಡದಿದ್ದರೆ ತೇವ ಹೆಚ್ಚು, ಉರಿ ಹತ್ತುವುದಿಲ್ಲ. ಪಟಪಟ ಎಂದರೆ ತೀರ ಒಣಗಿದೆ, ಉರಿ ಓಡುತ್ತದೆ. ನಡುವಿನ ಒಂದು ಸಣ್ಣ ಸದ್ದು ಬೇಕಂತೆ. ನನ್ನ ಕಿವಿಗೂ ಹಿಡಿದ. ನನಗೆ ನನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಇಯ್ಯಾಲ ಕಾದಮ್ಮಾ, ರೇಪು," ಎಂದ ಮಲ್ಲಯ್ಯ. ಇವತ್ತಲ್ಲ, ನಾಳೆ ಎಂದು ತೀರ್ಪಾಯಿತು. ನನ್ನ ಮೊಬೈಲು ಇವತ್ತೇ ಎನ್ನುತ್ತಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಎದ್ದ ಗಾಳಿಗೆ ನನ್ನ ಟೋಪಿ ಹಾರಿ ಬಂಡೆಯಾಚೆ ಬಿತ್ತು. ಹುಡುಕಿ ತರಲು ಮಲ್ಲಯ್ಯನ ಆಡುಗಳಿಗೂ ಸಾಧ್ಯವಾಗಲಿಲ್ಲ.

ಮರುದಿನ ಸಂಕ್ರಾಂತಿಯ ಮಾರನೆಯ ದಿನ. ನಾನು ಹೆಲ್ಮೆಟ್ಟು, ದಪ್ಪ ಜಾಕೀಟು, ಬೂಟು, ಕೊರಳಲ್ಲಿ ಸೀಟಿ ಹಾಕಿಕೊಂಡು ಕಾರಿನಿಂದ ಇಳಿದೆ. ಹವಾಯಿ ಚಪ್ಪಲಿ ಹಾಕಿದ್ದ ಮಲ್ಲಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರು ಪೆಂಡ್ಲಿಕಿ ಪೋತುನ್ನರಾ?" ಎಂದು ಕೇಳಿದ. ಮದುವೆಗೆ ಹೊರಟಿದ್ದೀರಾ ಎಂದು! ಚಿಗವ್ವ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಗಾಳಿಗೆ ಮುಖ ಮಾಡಿ ನಿಂತಿದ್ದಳು. ಸುಡುವ ಪಾಲಿನ ಸುತ್ತ ಎರಡು ಮಾರು ಅಗಲ ಹುಲ್ಲು ಕೆತ್ತಿ ನೀರು ಹೊಡೆಸಿದ್ದರು. ಮಲ್ಲಯ್ಯನೂ ಅವನ ಹೆಂಡತಿಯೂ ಊರಿನ ನಾಲ್ಕು ಜನರೂ ಹಸಿ ಹೊಂಗೆಯ ಟೊಂಗೆ ಹಿಡಿದು ಸುತ್ತ ನಿಂತರು. ನನಗೆ ದೂರದ ಮೂಲೆ, ಒಂದು ದೊಡ್ಡ ಬಂಡೆಯ ಹಿಂದೆ.

"ಬೆಂಕಿ ಹತ್ರ ಬಂದ್ರ ಟೊಂಗಿಲೆ ಬಡಿ. ಬರದಿದ್ರ ಸುಮ್ಮ ನಿಂದ್ರು," ಎಂದಳು ಚಿಗವ್ವ. ನನ್ನ ಯೋಗ್ಯತೆಗೆ ತಕ್ಕ ಮೂಲೆ ಕೊಟ್ಟಳಲ್ಲ ಎಂದು ನನಗೆ ಒಳಗೊಳಗೇ ಅವಮಾನವಾಯಿತು. ಯಾರೂ ನೋಡದಾಗ ಕಾರಿನ ಡಿಕ್ಕಿಯಿಂದ ನನ್ನ ಸ್ವಂತದ ಕೆಂಪು ಸಿಲಿಂಡರ್ ತಂದು ಬಂಡೆಯ ಮರೆಗೆ ಇಟ್ಟುಕೊಂಡೆ.

ಬೆಂಕಿಯನ್ನು ಗಾಳಿಗೆ ಎದುರಾಗಿ ಹಚ್ಚಿದರು. ಗಾಳಿಯ ಜೊತೆ ಹೋಗುವ ಬೆಂಕಿ ಓಡುತ್ತದೆ, ಎದುರು ಬರುವುದು ನಡೆಯುತ್ತದೆ. ನಿಜಕ್ಕೂ ನಡೆಯುತ್ತಿತ್ತು. ಮೊಣಕಾಲೆತ್ತರದ ಉರಿಯ ಸಾಲು ಹುಲ್ಲನ್ನು ಮೆಲ್ಲಗೆ ಮೇಯುತ್ತ ಬರುತ್ತಿತ್ತು, ಹಿಂದೆ ಕಪ್ಪು ನೆಲ ಬಿಡುತ್ತ. ಒಂದು ಮೊಲ ಹಾರಿ ಹೊರಗೆ ಹೋಯಿತು. ಸೀತಾಫಲದ ಎಲೆಗಳು ಮುದುಡಿದವು. ನೋಡಲು ಚೆಂದವಿತ್ತು, ದೂರದಿಂದ. ಆಮೇಲೆ ಬಂಡೆಯ ಸಂದಿಯಲ್ಲಿ ಗಾಳಿ ತಿರುಗಿತೋ ಏನೋ, ಹೊಗೆ ನನ್ನ ಮುಖಕ್ಕೆ ಬಂತು, ಬೂಟಿನ ಮೇಲೆ ಕಾಲುಚೀಲಕ್ಕೆ ಒಂದು ಕಿಡಿ ಬಿದ್ದು ಚುರ್ರೆಂದಿತು. ಇಪ್ಪತ್ತೆರಡು ವರ್ಷದ ಅನುಭವವೆಲ್ಲ ಆ ಕ್ಷಣಕ್ಕೆ ನನ್ನನ್ನು ಬಿಟ್ಟುಹೋಯಿತು. ಸೀಟಿ ಊದಲಿಲ್ಲ. ಟೊಂಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಸಿಲಿಂಡರಿನ ಪಿನ್ನು ಕಿತ್ತು, ಕಣ್ಣು ಮುಚ್ಚಿ, ಬಲಕ್ಕೆ ಎಡಕ್ಕೆ ಎದುರಿಗೆ, ಖಾಲಿಯಾಗುವವರೆಗೆ ಪುಡಿ ಹಾರಿಸಿದೆ.

ಕಣ್ಣು ತೆರೆದಾಗ ಆ ಮೂಲೆಯ ಬೆಂಕಿ ಆರಿತ್ತು. ಹಾಗೆ ನೋಡಿದರೆ ಅದು ಬಹುಪಾಲು ತಾನೇ ಸುಟ್ಟು ಮುಗಿದಿತ್ತು, ಮುಂದೆ ಬರಲು ಹುಲ್ಲೇ ಉಳಿದಿರಲಿಲ್ಲ. ನಾನು ಪುಡಿ ಹೊಡೆದದ್ದು ಬೂದಿಗೆ. ಬಿಳಿ ಪುಡಿ ಬೂದಿಯೊಳಗೆ ಬೆರೆತು ಗುರುತೇ ಸಿಗದಂತಾಯಿತು. ಸಿಲಿಂಡರನ್ನು ಜಾಕೀಟಿನಲ್ಲಿ ಸುತ್ತಿ ಡಿಕ್ಕಿಗೆ ಹಾಕಿದೆ. ಚಿಗವ್ವ ಬಂದು ನೋಡಿ, "ಭಾಳ ಛಲೋ ಆರಿಸಿಯಲ್ಲೋ. ಟೊಂಗಿಲೆ ಬಡದೇನು?" ಎಂದಳು. "ಹೂಂ," ಎಂದೆ. ಒಂದೇ ಅಕ್ಷರದ ಸುಳ್ಳು. ಆಕೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಾಲಿನ ಸುಟ್ಟ ಗುಳ್ಳೆಯ ಬಗ್ಗೆ ಹೆಂಡತಿ ಕೇಳಿದಾಗ ಗೀಸರಿನ ಬಿಸಿನೀರು ಎಂದೆ. ಹೀಗೆ ಒಂದೇ ದಿನ ಇಬ್ಬರಿಗೆ ಮೋಸ ಮಾಡಿದೆ, ಇಬ್ಬರೂ ಒಂದೇ ಮನೆಯಲ್ಲಿದ್ದರು.

ಮಳೆ ಬಂತು, ಹೋಯಿತು. ಗಣೇಶನ ಹಬ್ಬ ಕಳೆದ ಮೇಲೆ ಎಣಿಸಲು ಹೋದೆವು. ಎಣಿಕೆಯಲ್ಲಿ ಚಿಗವ್ವನಿಗೆ ಇಬ್ಬರೂ ಸಾಹೇಬರು ಅಲ್ಲಲ್ಲಿ ಸಿಕ್ಕರು. ಸುಟ್ಟ ಪಾಲು ಮೊದಲು ಹಸಿರಾಗಿತ್ತು, ಮೊಲಗಳ ಹಿಕ್ಕೆಯೂ ಅಲ್ಲೇ ಹೆಚ್ಚು. ಸುಟ್ಟ ಸೀತಾಫಲ ಬುಡದಿಂದ ಮತ್ತೆ ಚಿಗುರಿತ್ತು. ಆದರೆ ಎಳೆಯ ಬೇವಿನ ಸಸಿಗಳು ಸತ್ತಿದ್ದವು, ಇಳಿಜಾರಿನಲ್ಲಿ ಮೊದಲ ಮಳೆ ಮಣ್ಣು ಎಳೆದೊಯ್ದ ಗೆರೆಗಳು ಕಾಣುತ್ತಿದ್ದವು. ಸುಡದ ಪಾಲಿನಲ್ಲಿ ಹಳೆ ಹುಲ್ಲು ಚಾಪೆಯಂತೆ ಮಲಗಿ ಹೊಸದಕ್ಕೆ ಬೆಳಕು ಬಿಟ್ಟಿರಲಿಲ್ಲ. ಅದನ್ನು ಸರಿಸಿದರೆ ಕೆಳಗಿನ ಮಣ್ಣು ಮಾತ್ರ ತಂಪು, ಇರುವೆ, ಎರೆಹುಳು ಎಲ್ಲ ಅಲ್ಲೇ.

ಆದರೆ ಆ ಮೂಲೆ! ಬಂಡೆಯ ಹಿಂದೆ ಹುಲ್ಲು ನನ್ನ ಸೊಂಟದ ಮೇಲಿತ್ತು. ಕಡುಹಸಿರು. ಚಿಗವ್ವ ಬೆನ್ನು ಮಾಡಿ ಎಸೆದ ಹತ್ತು ಎಸೆತಗಳಲ್ಲಿ ಮೂರು ಹೋಗಿ ಅಲ್ಲಿಯೇ ಬಿದ್ದವು. ಆಕೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಮಲ್ಲಯ್ಯ ಆ ಹುಲ್ಲನ್ನು ಕೈಯಲ್ಲಿ ಸವರಿ ನೋಡಿದ. ಸುದ್ದಿ ಊರಿಗೆ ಹೋಯಿತು.

ಮುಂದಿನ ವಾರ ನಾನು ಸಿಲಿಂಡರಿಗೆ ಪುಡಿ ತುಂಬಿಸಲು ಹೋದೆ. ಹುಡುಗ ಪುಡಿಯ ಚೀಲ ತೆರೆದ. ಚೀಲದ ಮೇಲೆ ಬರೆದಿತ್ತು: ಅಮೋನಿಯಂ ಫಾಸ್ಫೇಟ್. ಇಪ್ಪತ್ತೆರಡು ವರ್ಷ ಪ್ರತಿ ತರಬೇತಿಯಲ್ಲೂ ನಾನು ಎದೆಯುಬ್ಬಿಸಿ ಹೇಳಿದ ಹೆಸರು. ರೈತರು ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದ ಖಾಸಾ ತಮ್ಮ! ಹೆಸರು ಬಾಯಿಗೆ ಗೊತ್ತಿತ್ತು, ತಲೆಗೆ ಅವತ್ತು ಗೊತ್ತಾಯಿತು. ಆ ಹುಲ್ಲು ಬೆಂಕಿಯಿಂದ ಬೆಳೆದದ್ದಲ್ಲ, ನನ್ನ ಹೆದರಿಕೆಯಿಂದ ಬೆಳೆದದ್ದು.

ಹೇಳಬೇಕಿತ್ತು. ಹೇಳಲಿಲ್ಲ. ನಲವತ್ತೊಂಬತ್ತು ವರ್ಷದ ಅಗ್ನಿ ಸುರಕ್ಷತಾ ಅಧಿಕಾರಿ ಮೊಣಕಾಲೆತ್ತರದ ಉರಿಗೆ ಕಣ್ಣು ಮುಚ್ಚಿಕೊಂಡ ಎಂದು ಯಾವ ಬಾಯಿಂದ ಹೇಳುವುದು? ಇರಲಿ, ಮುದುಕಿಯ ಹವ್ಯಾಸ, ಯಾರಿಗೇನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತ ಕೋಣೆಯಲ್ಲಿ ಟೈಪ್ ಯಂತ್ರ ದಿನವಿಡೀ ಟಕಟಕ ಎನ್ನುತ್ತಿತ್ತು. ಹಾಳೆಗಳನ್ನು ತಂದು ನನಗೆ ಓದಿ ಹೇಳುತ್ತಿದ್ದಳು. ಮೊದಲ ಸಾಹೇಬರೇ ಹೆಚ್ಚು ಖರೆ. ಹದವಾಗಿ ಸುಟ್ಟು, ಹದವಾಗಿ ಆರಿಸಿದ ಕಡೆ ಹುಲ್ಲು ಇಮ್ಮಡಿ. 'ಹದವಾಗಿ ಆರಿಸಿದ' ಎಂದರೆ ನಾನು. ವರದಿಯಲ್ಲಿ ನನಗೆ ಒಂದು ಪ್ರತ್ಯೇಕ ಪ್ಯಾರಾ ಇತ್ತು.

ದಸರೆಯ ನಂತರ ಮಲ್ಲಯ್ಯ ಫೋನು ಮಾಡಿಸಿದ. ಊರಿನವರು ಕೂಡಿ ಮಾತಾಡಿದ್ದಾರೆ, ಈ ಚಳಿಗಾಲ ಊರಿನ ಗಾಯರಾಣವನ್ನೆಲ್ಲ ಸುಡಬೇಕೆಂದಿದ್ದಾರೆ, ಅಮ್ಮ ಬಂದು ತಾವು ಟೈಪು ಮಾಡಿದ 'ರಿಪೋರ್ಟು' ಓದಬೇಕಂತೆ. ಗಾಯರಾಣ ಎಂದರೆ ಇಡೀ ಊರಿನ ದನ, ಆಡು, ಕುರಿ ಮೇಯುವ ಜಾಗ. ಅದನ್ನು ಒಮ್ಮೆಗೇ ಸುಟ್ಟರೆ ಮಳೆ ಬರುವವರೆಗೆ ಅವು ಏನು ತಿನ್ನಬೇಕು? ಮಳೆ ಬಂದರೆ ಆ ಇಳಿಜಾರಿನ ಮಣ್ಣೆಲ್ಲ ಕೆರೆಗೆ. ಅಷ್ಟು ಕಷ್ಟಕ್ಕೂ ಊರು ತಯಾರಾಗಿತ್ತು, ಸೊಂಟದೆತ್ತರದ ಹುಲ್ಲು ಕಣ್ಣಾರೆ ಕಂಡಿದ್ದರಲ್ಲ! ಆ ರಾತ್ರಿ ನನಗೆ ಊಟ ಸೇರಲಿಲ್ಲ. ಡಾಕ್ಟರರು ಕೇಳಿದ ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಚಿಗವ್ವ ಇಳಕಲ್ ಸೀರೆ ಉಟ್ಟು, ವರದಿಯನ್ನು ದಾರದಿಂದ ಹೊಲಿದು, ಒಗ್ಗರಣೆ ಅವಲಕ್ಕಿಯ ಮುಂದೆ ಕೂತಿದ್ದಳು. ಮುಖದಲ್ಲಿ ಎಂದೂ ಕಾಣದ ಒಂದು ಗೆಲುವು. ಮೂವತ್ತು ವರ್ಷ ಬೇರೆಯವರ ಮಾತು ಟೈಪ್ ಮಾಡಿದವಳು ಮೊದಲ ಸಲ ತನ್ನದನ್ನು ಓದಲು ಹೊರಟಿದ್ದಳು. ನಾನು ತಟ್ಟೆ ಸರಿಸಿ, ನೆಲ ನೋಡುತ್ತ, ಎಲ್ಲ ಹೇಳಿದೆ. ಕಿಡಿ ಬಿದ್ದದ್ದು, ಹೆದರಿದ್ದು, ಸಿಲಿಂಡರು, ಪುಡಿ, ಗೊಬ್ಬರ, ಗೀಸರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಆಕೆಯೂ ನಗಲಿಲ್ಲ.

ಚಿಗವ್ವ ಎದ್ದು, ವರದಿಯ ದಾರ ಬಿಚ್ಚಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟಕಟಕ ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಎರಡು ತಾಸಿನ ಮೇಲೆ ಹೊರಗೆ ಬಂದು ಕಾರಿನಲ್ಲಿ ಕೂತಳು. ಲಿಂಗಂಪಲ್ಲಿ ದಾಟಿತು, ಮಾತಿಲ್ಲ. ಊರು ಬಂತು, ಮಾತಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆಯ ಒಂದು ವರ್ಷವನ್ನು ನಾನು ಹಾಳು ಮಾಡಿದ್ದೆ, ಆ ವಯಸ್ಸಿನಲ್ಲಿ ಒಂದು ವರ್ಷ ಎಷ್ಟೆಂದು ನನಗೆ ಗೊತ್ತಿತ್ತು.

ಊರಿನ ಕಟ್ಟೆಯ ಮೇಲೆ ಜನ ಸೇರಿದ್ದರು. ಚಿಗವ್ವ ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಹಾಳೆಯನ್ನು ತೆಲುಗಿನಲ್ಲಿ ಓದಿದಳು. ಸುಟ್ಟ ಪಾಲಿನಲ್ಲಿ ಕಂಡದ್ದು, ಸುಡದ ಪಾಲಿನಲ್ಲಿ ಕಂಡದ್ದು, ಸಸಿ, ಮಣ್ಣು, ಇರುವೆ, ಮೊಲ. ಯಾವುದು ಮೇಲು ಎಂದು ಒಂದು ವರ್ಷಕ್ಕೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗಿಲ್ಲ ಎಂದು ಓದಿದಳು. ಗಾಯರಾಣ ಸುಡಬೇಡಿ, ಬೇಕಾದರೆ ಒಂದು ಮೂಲೆ ಸುಟ್ಟು ನಾಲ್ಕು ವರ್ಷ ನೋಡಿ ಎಂದಳು. ಯಾರೋ ಎದ್ದು ಆ ಸೊಂಟದೆತ್ತರದ ಹುಲ್ಲಿನ ಕತೆ ಕೇಳಿದರು. ಈಗ ಬಂತು ಎಂದು ನಾನು ಹೆಲ್ಮೆಟ್ ಇಲ್ಲದ ತಲೆ ತಗ್ಗಿಸಿದೆ.

ಚಿಗವ್ವ ಕೊನೆಯ ಹಾಳೆ ತಿರುವಿದಳು. "ಮೂರು ಚೌಕಗಳನ್ನು ಲೆಕ್ಕದಿಂದ ತೆಗೆದಿದ್ದೇನೆ," ಎಂದು ಓದಿದಳು. "ಅಲ್ಲಿ ಗೊಬ್ಬರ ಬಿದ್ದಿತ್ತು. ಆ ಮೂಲೆಯಲ್ಲಿ ನನ್ನ ಅಕ್ಕನ ಮಗನನ್ನು ನಿಲ್ಲಿಸಿದ್ದೆ. ಎಲ್ಲಕ್ಕಿಂತ ಸುರಕ್ಷಿತ ಜಾಗ ಅದೇ, ಅಲ್ಲಿಗೆ ಬೆಂಕಿ ಬರುವುದಿಲ್ಲ ಎಂದು ನಾಲ್ಕು ದಿನ ಗಾಳಿ ನೋಡಿ ಆರಿಸಿದ್ದೆ. ಬೆಂಕಿ ಬಂತು. ಅವನು ಒಬ್ಬನೇ ಇದ್ದ. ತಪ್ಪು ನನ್ನದು."

ಯೋಗ್ಯತೆಗೆ ತಕ್ಕ ಮೂಲೆ ಎಂದುಕೊಂಡಿದ್ದೆನಲ್ಲ. ಚಿಗವ್ವ ಹಾಳೆಗಳನ್ನು ಮಲ್ಲಯ್ಯನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ನನ್ನ ಹತ್ತಿರ ಬಂದು ಕೂತಳು. ಬೆಳಗಿನಿಂದ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಕಾಲು ತೋರ್ಸು."

"ಚಿಗವ್ವಾ, ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ತೋರ್ಸು."

ಅಷ್ಟು ಜನರ ನಡುವೆ ಪ್ಯಾಂಟು ಮಡಚಿ, ಕಾಲುಚೀಲ ಇಳಿಸಿದೆ. ಕಣಕಾಲಿನ ಮೇಲೆ ಒಂದು ಕಪ್ಪು ಮಚ್ಚೆ, ಹುಣಸೆಬೀಜದಷ್ಟು. ಆಕೆ ಬಗ್ಗಿ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ಹತ್ತು ತಿಂಗಳಾತು. ಒಬ್ಬಾವನ ಇಟ್ಟುಕೊಂಡಿಯಲ್ಲೋ," ಎಂದಳು. "ಅವತ್ತ ನೋವಾತೇನು?"

"ಇಲ್ಲ ಚಿಗವ್ವಾ," ಎಂದೆ.

ಆಕೆ ತಲೆಯೆತ್ತಿ ನನ್ನನ್ನೇ ನೋಡುತ್ತ ಕೂತಳು. ಬೆರಳನ್ನು ತೆಗೆಯಲಿಲ್ಲ.

"ಆತು," ಎಂದೆ. "ಭಾಳ ಆತು."